ಸಾವಿನ ಮನೆಯಲ್ಲಿ ಅಂಗಡಿ ತೆರೆದರೆ...

ಸೋಮವಾರ ಬೆಳಿಗ್ಗೆ ನಮ್ಮ ನ್ಯೂಸ್ ರೂಮಿನಲ್ಲಿ ಯಾರೂ ಕುರ್ಚಿ ಮೇಲೆ ಕೂತಿರಲಿಲ್ಲ. 'ನಾಟು ನಾಟು' ಹಾಡಿಗೆ ಆಸ್ಕರ್ ಬಂತು ಅಂತ ಸುದ್ದಿ ಬಂದ ತಕ್ಷಣ ಕ್ಯಾಮೆರಾದವರು, ಎಡಿಟಿಂಗ್ ಹುಡುಗರು, ಕಾಫಿ ತಂದುಕೊಡುವ ಹುಡುಗ, ಎಲ್ಲರೂ ಕುಣಿದರು. ನಾನೂ ಕುಣಿದೆ. ಇಡೀ ದಿನ ಅದೇ ಹಾಡು, ಅದೇ ಹೆಜ್ಜೆ. ತಪ್ಪೇನಿಲ್ಲ, ಸಂಭ್ರಮ ಪಡಬೇಕಾದ ದಿನವೇ.

ಆದರೆ ಸಂಜೆ ಮೇಕಪ್ ತೆಗೆಯುವಾಗ ಒಂದು ಪ್ರಶ್ನೆ ಬಂತು. ಗೆದ್ದವರು ನಾವು, ಸರಿ. ಸೋತವರು ಯಾರು? ಹುಡುಕಿದೆ. ಆ ವಿಭಾಗದಲ್ಲಿ ಐದು ಹಾಡುಗಳಿದ್ದವು. ಅದರಲ್ಲಿ ಒಂದು ರಿಹಾನಾ ಹಾಡಿದ 'ಲಿಫ್ಟ್ ಮಿ ಅಪ್'. ಅದು ಕುಣಿಯುವ ಹಾಡಲ್ಲ. ತೀರಿಹೋದ ಒಬ್ಬ ನಟನ ನೆನಪಿಗೆ, ಅವರ ನಿರ್ದೇಶಕರೂ ಸೇರಿ ನಾಲ್ವರು ಕೂತು ಬರೆದ ಹಾಡು. ಆ ನಟ ಚಾಡ್ವಿಕ್ ಬೋಸ್ಮನ್. ಸಿನಿಮಾ 'ಬ್ಲ್ಯಾಕ್ ಪ್ಯಾಂಥರ್: ವಕಾಂಡಾ ಫಾರೆವರ್'.

ಇವತ್ತು 2023ರ ಮಾರ್ಚ್ 17, ಶುಕ್ರವಾರ. ಈ ದಿನ ಯಾಕೆ ಈ ಸಿನಿಮಾ ಮಾತು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪು ಇದ್ದಿದ್ದರೆ ಇವತ್ತಿಗೆ 48 ವರ್ಷ. ಹೀರೋ ಇದ್ದಕ್ಕಿದ್ದಂತೆ ಎದ್ದು ಹೋದರೆ ಹಿಂದೆ ಉಳಿದವರು ಏನು ಮಾಡಬೇಕು? ಆ ಪ್ರಶ್ನೆಗೆ ಹಾಲಿವುಡ್ಡಿನ ಅತಿ ದೊಡ್ಡ ಕಂಪನಿಯೊಂದು ಹೇಗೆ ಉತ್ತರ ಕೊಡ್ತು, ಎಲ್ಲಿ ಗೆದ್ದಿತು, ಎಲ್ಲಿ ಜಾರಿತು, ಅದನ್ನು ಇವತ್ತು ನೋಡೋಣ. ಕಥೆ ಹೇಳದೆ ಇದನ್ನು ವಿವರಿಸೋಕಾಗಲ್ಲ. ಸಿನಿಮಾ ನೋಡದವರು ಕ್ಷಮಿಸಬೇಕು.

ಮೊದಲು ಹಿನ್ನೆಲೆ. 2018ರಲ್ಲಿ 'ಬ್ಲ್ಯಾಕ್ ಪ್ಯಾಂಥರ್' ಬಂತು. ಆಫ್ರಿಕಾದಲ್ಲಿ ವಕಾಂಡಾ ಅಂತ ಒಂದು ಕಾಲ್ಪನಿಕ ದೇಶ. ಯಾರೂ ಅದನ್ನು ವಸಾಹತು ಮಾಡಿಕೊಂಡಿಲ್ಲ, ಯಾರೂ ಲೂಟಿ ಮಾಡಿಲ್ಲ. ಅಲ್ಲಿ ಮಾತ್ರ ಸಿಗುವ ವೈಬ್ರೇನಿಯಂ ಅನ್ನೋ ಲೋಹದಿಂದ ಆ ದೇಶ ಜಗತ್ತಿಗಿಂತ ಎಷ್ಟೋ ಮುಂದಿದೆ. ಅದರ ರಾಜ ಟಿಚಲ್ಲಾ. ಒಂದು ಮೂಲಿಕೆಯ ರಸ ಕುಡಿದು ಬ್ಲ್ಯಾಕ್ ಪ್ಯಾಂಥರ್ ಆಗ್ತಾನೆ. ಆ ರಾಜನ ಪಾತ್ರ ಮಾಡಿದವರು ಬೋಸ್ಮನ್. ನಿರ್ದೇಶನ ರಯಾನ್ ಕೂಗ್ಲರ್. ಸುಮಾರು 130 ಕೋಟಿ ಡಾಲರ್ ಗಳಿಸಿತು. ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಸೂಪರ್‌ಹೀರೋ ಸಿನಿಮಾ ಅದು. ಅದಕ್ಕಿಂತ ದೊಡ್ಡ ವಿಷಯ ಏನು ಗೊತ್ತಾ? ತಮ್ಮ ಬಣ್ಣದ ಒಬ್ಬ ರಾಜ ತೆರೆ ಮೇಲೆ ತಲೆ ಎತ್ತಿ ನಡೆಯೋದನ್ನು ಕಪ್ಪು ಮಕ್ಕಳು ನೋಡಿದರು. ಎದೆ ಮೇಲೆ ಕೈ ಅಡ್ಡ ಕಟ್ಟುವ ಆ ವಕಾಂಡಾ ಸೆಲ್ಯೂಟ್ ಜಗತ್ತಿನ ಶಾಲೆ, ಮೈದಾನಗಳಿಗೆಲ್ಲ ಹೋಯಿತು.

2020ರ ಆಗಸ್ಟ್ 28ರಂದು ಬೋಸ್ಮನ್ ತೀರಿಕೊಂಡರು. ವಯಸ್ಸು 43. ದೊಡ್ಡ ಕರುಳಿನ ಕ್ಯಾನ್ಸರ್. 2016ರಲ್ಲೇ ಗೊತ್ತಾಗಿತ್ತು, ಹೊರಗೆ ಹೇಳಿರಲಿಲ್ಲ. ಶಸ್ತ್ರಚಿಕಿತ್ಸೆ, ಕಿಮೋಥೆರಪಿಗಳ ನಡುವೆಯೇ ಶೂಟಿಂಗ್. ನಾವು ತೆರೆ ಮೇಲೆ ನೋಡಿದ ಆ ಹೊಡೆದಾಟ, ಆ ಓಟ, ಎಲ್ಲ ಕಾಯಿಲೆ ಹೊತ್ತುಕೊಂಡೇ ಮಾಡಿದ್ದು. ಎರಡನೇ ಭಾಗದ ಚಿತ್ರಕಥೆಯ ಒಂದು ಕರಡು ಆಗಲೇ ಸಿದ್ಧವಿತ್ತು. ಅದು ಅಪ್ಪ-ಮಗನ ಕಥೆಯಾಗಿತ್ತು ಅಂತ ಕೂಗ್ಲರ್ ಆಮೇಲೆ ಹೇಳಿದರು. ಬೋಸ್ಮನ್ ಅದನ್ನು ಓದಲೇ ಇಲ್ಲ.

ಈಗ ಕಂಪನಿಯ ಮುಂದೆ ಮೂರು ದಾರಿ. ಒಂದು, ಆ ಪಾತ್ರಕ್ಕೆ ಬೇರೆ ನಟನನ್ನು ಹಾಕೋದು. ಅದೇನು ಹೊಸದಲ್ಲ. ಇದೇ ಮಾರ್ವೆಲ್ ಸಂಸ್ಥೆ ಹಲ್ಕ್ ಪಾತ್ರದಿಂದ ಎಡ್ವರ್ಡ್ ನಾರ್ಟನ್ ಹೋದ ಮೇಲೆ ಮಾರ್ಕ್ ರಫಲೋ ಅವರನ್ನು ತಂದಿತ್ತು. ಎರಡು, ಕಂಪ್ಯೂಟರಿನಲ್ಲಿ ಬೋಸ್ಮನ್ ಮುಖ ಸೃಷ್ಟಿಸೋದು. 1994ರಲ್ಲಿ ತೀರಿಕೊಂಡ ಪೀಟರ್ ಕುಶಿಂಗ್ ಅವರನ್ನು 2016ರ 'ಸ್ಟಾರ್ ವಾರ್ಸ್' ಚಿತ್ರವೊಂದರಲ್ಲಿ ಹಾಗೆಯೇ ಎಬ್ಬಿಸಿ ನಿಲ್ಲಿಸಿದ್ದರು. ಮೂರು, ನಟನ ಜೊತೆ ಪಾತ್ರವನ್ನೂ ಕಳಿಸಿಕೊಡೋದು.

ಮೂರನೆಯದನ್ನೇ ಆರಿಸಿಕೊಂಡರು. ಎಲ್ಲರೂ ಒಪ್ಪಲಿಲ್ಲ. ಬೇರೆ ನಟನನ್ನು ಹಾಕಿ ಅಂತ ಅಭಿಮಾನಿಗಳೇ ಸಹಿ ಸಂಗ್ರಹ ಮಾಡಿದರು. ಅವರ ವಾದವನ್ನು ತಳ್ಳಿ ಹಾಕೋ ಹಾಗಿಲ್ಲ. ಬ್ಯಾಟ್‌ಮನ್ ಪಾತ್ರವನ್ನು ಎಷ್ಟು ಜನ ಮಾಡಿಲ್ಲ? ಬಿಳಿಯರ ಹೀರೋಗಳು ನಟ ಬದಲಾದರೂ ಉಳಿಯುತ್ತಾರೆ, ನಮಗೆ ಸಿಕ್ಕ ಒಬ್ಬ ರಾಜ ಮಾತ್ರ ಯಾಕೆ ಸಾಯಬೇಕು ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ಸಿನಿಮಾ ನೋಡಿದ ಮೇಲೆ ನನಗೆ ಕೂಗ್ಲರ್ ತಂಡದ ನಿರ್ಧಾರವೇ ಸರಿ ಅನ್ನಿಸಿತು. ಯಾಕೆ ಅಂದ್ರೆ, ಮೊದಲ ಹತ್ತು ನಿಮಿಷ.

ಕತ್ತಲ ತೆರೆ. ತಂಗಿ ಶೂರಿಯ ಧ್ವನಿ. ಅಣ್ಣ ಸಾಯ್ತಾ ಇದ್ದಾನೆ, ಅವಳು ಪ್ರಯೋಗಾಲಯದಲ್ಲಿ ಯಂತ್ರಗಳ ಜೊತೆ ಗುದ್ದಾಡ್ತಾ ಇದ್ದಾಳೆ. ಜಗತ್ತಿನ ಅತಿ ಬುದ್ಧಿವಂತ ಹುಡುಗಿ ಅಂತ ಹೆಸರು, ಅಣ್ಣನ ಕಾಯಿಲೆಗೆ ಮಾತ್ರ ಮದ್ದು ಸಿಗ್ತಿಲ್ಲ. ತಾಯಿ ರಮೋಂಡಾ ಒಳಗೆ ಬಂದು, ನಿನ್ನ ಅಣ್ಣ ಹೋದ ಅಂತಾಳೆ. ಅಷ್ಟೇ. ಟಿಚಲ್ಲಾನನ್ನು ತೋರಿಸುವುದೇ ಇಲ್ಲ. ಆಮೇಲೆ ಬಿಳಿ ಬಟ್ಟೆಯ ಮೆರವಣಿಗೆ. ಸಾವಿಗೆ ಕಪ್ಪು ಉಡುವ ಹಾಲಿವುಡ್ಡಿನಲ್ಲಿ ಎಲ್ಲರೂ ಬಿಳಿ ಉಟ್ಟಿದ್ದಾರೆ. ನಮಗೆ ಅದು ಪರಿಚಯದ ಬಣ್ಣ. ಜನ ಅಳ್ತಾರೆ, ಕುಣೀತಾರೆ, ಹಾಡ್ತಾ ಕಳಿಸಿಕೊಡ್ತಾರೆ. ಆಮೇಲೆ ಮಾರ್ವೆಲ್ ಲಾಂಛನ. ಪ್ರತಿ ಸಲ ದೊಡ್ಡ ವಾದ್ಯಗೋಷ್ಠಿಯೊಂದಿಗೆ ಬರುವ ಲಾಂಛನ ಈ ಸಲ ಸದ್ದೇ ಇಲ್ಲದೆ ಬಂತು. ಅದರ ತುಂಬ ಬೋಸ್ಮನ್ ಚಿತ್ರಗಳು. ನಾನು ನೋಡಿದ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಸದ್ದೂ ನಿಂತಿತ್ತು.

ಇದೇ ಈ ಸಿನಿಮಾದ ಮೊದಲ ಶಕ್ತಿ. ನಟಿಸುವವರು ಪಾತ್ರಕ್ಕಾಗಿ ಅಳ್ತಿದ್ದಾರೋ, ಗೆಳೆಯನಿಗಾಗಿ ಅಳ್ತಿದ್ದಾರೋ ಗೊತ್ತಾಗಲ್ಲ. ಎರಡೂ ಒಂದೇ ಆಗಿಬಿಟ್ಟಿದೆ. ಬೇರೆ ನಟನನ್ನು ಹಾಕಿದ್ದರೆ ಇದು ಸಿಗ್ತಿರಲಿಲ್ಲ.

ಎರಡನೇ ಶಕ್ತಿ ಖಳನಾಯಕ. ಖಳ ಅನ್ನೋದಕ್ಕೇ ಮನಸ್ಸು ಬರಲ್ಲ. ಹೆಸರು ನೇಮೋರ್, ಸಮುದ್ರದೊಳಗಿನ ಟಾಲೋಕಾನ್ ರಾಜ್ಯದ ದೊರೆ. ಮಾರ್ವೆಲ್ ಕಾಮಿಕ್ಸ್‌ನಲ್ಲಿ 1939ರಿಂದ ಇರುವ ಪಾತ್ರ, ಅಲ್ಲಿ ಅವನು ಅಟ್ಲಾಂಟಿಸ್‌ನವನು. ಕೂಗ್ಲರ್ ಅವನನ್ನು ಮೆಕ್ಸಿಕೋದ ಮಾಯಾ ಜನರ ಮಗನನ್ನಾಗಿ ಮಾಡಿದರು. 16ನೇ ಶತಮಾನದಲ್ಲಿ ಸ್ಪೇನಿನವರು ಬಂದರು, ಸಿಡುಬು ತಂದರು, ಜನ ಹುಳಗಳ ಹಾಗೆ ಸತ್ತರು. ಬದುಕೋಕೆ ಒಂದು ಗಿಡ ತಿಂದವರು ನೀರಿನಲ್ಲೇ ಉಸಿರಾಡುವವರಾಗಿ ಸಮುದ್ರಕ್ಕಿಳಿದರು. ಆಗ ಗರ್ಭಿಣಿಯಾಗಿದ್ದವಳ ಮಗ ಇವನು. ಅಮ್ಮನನ್ನು ಹುಟ್ಟಿದ ನೆಲದಲ್ಲಿ ಮಣ್ಣು ಮಾಡೋಕೆ ಮೇಲೆ ಬಂದಾಗ, ತನ್ನ ಜನರನ್ನು ಸರಪಳಿ ಹಾಕಿ ದುಡಿಸ್ತಿರೋದನ್ನು ನೋಡ್ತಾನೆ. ಸಾಯುತ್ತಿದ್ದ ಪಾದ್ರಿಯೊಬ್ಬ ಅವನನ್ನು ಪ್ರೀತಿಯಿಲ್ಲದ ಮಗು ಅಂತ ಸ್ಪ್ಯಾನಿಷ್‌ನಲ್ಲಿ ಶಪಿಸ್ತಾನೆ. ಆ ಶಾಪದಿಂದಲೇ ಅವನು ತನ್ನ ಹೆಸರು ಕಟ್ಟಿಕೊಂಡ. ನಟ ತೆನೋಚ್ ವೆರ್ತಾ ಇದನ್ನು ಕಿರುಚಾಡದೆ, ತಣ್ಣಗೆ ಮಾಡಿದ್ದಾರೆ. ಅವನ ಸಿಟ್ಟು ನಮಗೆ ಅರ್ಥವಾಗುತ್ತೆ. ಒಬ್ಬ ಖಳನಿಗೆ ಇದಕ್ಕಿಂತ ದೊಡ್ಡ ಬಲ ಬೇಕಾ?

ಮೂರನೇ ಶಕ್ತಿ ಇಬ್ಬರು ಹೆಂಗಸರು. ಒಬ್ಬರು ರಮೋಂಡಾ ಪಾತ್ರ ಮಾಡಿದ ಏಂಜೆಲಾ ಬ್ಯಾಸೆಟ್. ಗಂಡನನ್ನು ಕಳೆದುಕೊಂಡವಳು, ಮಗನನ್ನು ಕಳೆದುಕೊಂಡವಳು, ಈಗ ಮಗಳೂ ಕಾಣೆ. ಕಾವಲಿಗಿದ್ದ ದಂಡನಾಯಕಿ ಒಕೋಯೆಯನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಅಧಿಕಾರ ಕಿತ್ತುಕೊಳ್ಳುತ್ತಾಳೆ. ಇನ್ನೇನು ಉಳಿದಿದೆ ನಾನು ಕೊಡೋಕೆ ಅನ್ನೋ ತಾಯಿಯ ಸಂಕಟ ಅದು. ಮಾರ್ವೆಲ್ ಚಿತ್ರವೊಂದರ ನಟನೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಇದೇ ಮೊದಲು. ಇನ್ನೊಬ್ಬರು ತೆರೆಯ ಹಿಂದಿನ ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್. ಮೊನ್ನೆ ಅವರಿಗೇ ಆಸ್ಕರ್ ಬಂತು. ಎರಡು ಆಸ್ಕರ್ ಗೆದ್ದ ಮೊದಲ ಕಪ್ಪು ಮಹಿಳೆ. ವೇದಿಕೆ ಮೇಲೆ ಏನು ಹೇಳಿದರು ಗೊತ್ತಾ? ಅವರ 101 ವರ್ಷದ ತಾಯಿ ಅದಕ್ಕೆ ಕೆಲವೇ ದಿನ ಮುಂಚೆ ತೀರಿಕೊಂಡಿದ್ದರು. ನನ್ನ ಅಮ್ಮನನ್ನು ನೋಡಿಕೋ ಅಂತ ಚಾಡ್ವಿಕ್‌ನನ್ನು ಕೇಳಿಕೊಂಡರು. ನಾವು 'ನಾಟು ನಾಟು' ಗದ್ದಲದಲ್ಲಿ ಇದನ್ನು ಎರಡು ಸೆಕೆಂಡೂ ತೋರಿಸಲಿಲ್ಲ.

ಸರಿ, ಇಷ್ಟೆಲ್ಲ ಚೆನ್ನಾಗಿದ್ದರೆ ಕೊರತೆ ಏನು?

ಅದನ್ನು ಹೇಳೋಕೆ ಮುಂಚೆ ನನ್ನದೇ ಒಂದು ಕಥೆ ಹೇಳಬೇಕು. 2021ರ ಅಕ್ಟೋಬರ್ 29. ಅಪ್ಪು ಇಲ್ಲ ಅನ್ನೋ ಸುದ್ದಿ ಬಂದ ದಿನ. ಅವತ್ತಿನಿಂದ ಅಂತ್ಯಸಂಸ್ಕಾರದವರೆಗೆ ನಾವು ಟಿವಿಯವರು ಕ್ಯಾಮೆರಾ ಆಫ್ ಮಾಡಲಿಲ್ಲ. ಕಂಠೀರವ ಕ್ರೀಡಾಂಗಣದ ಮುಂದೆ ಜನಸಾಗರ. ನಾನು ಸ್ಟುಡಿಯೋದಲ್ಲಿ ಮಾತಾಡ್ತಾ ಮಾತಾಡ್ತಾ ಗಂಟಲು ಕಟ್ಟಿತು. ಅದು ನಾಟಕ ಅಲ್ಲ. ಅಷ್ಟರಲ್ಲಿ ಕಿವಿಯೊಳಗಿನ ಇಯರ್‌ಫೋನ್ ಹೇಳಿತು, ಬ್ರೇಕ್ ತಗೊಳ್ಳಿ. ನಾನು ಕಣ್ಣೊರೆಸಿಕೊಂಡು, "ಒಂದು ಸಣ್ಣ ವಿರಾಮ" ಅಂದೆ. ಹಿಂದೆಯೇ ಸೋಪಿನ ಜಾಹೀರಾತು, ಕುಣಿಯುವ ಹಾಡು.

ರಾತ್ರಿ ಮನೆಗೆ ಹೋದಾಗ ಅಮ್ಮ ಇನ್ನೂ ಎದ್ದಿದ್ದರು. ಊಟಕ್ಕೆ ಬಡಿಸುತ್ತಾ ಒಂದೇ ಮಾತು ಹೇಳಿದರು. "ಅಷ್ಟೊತ್ತು ಅಳ್ತಾ ಕೂತಿದ್ದೋನು, ಮಧ್ಯದಲ್ಲಿ ಸೋಪು ಮಾರಕ್ಕೆ ಎದ್ದು ಹೋದ್ಯಲ್ಲೋ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಈ ಸಿನಿಮಾ ನೋಡುವಾಗ ಆ ಮಾತು ಮತ್ತೆ ಕೇಳಿಸಿತು.

ಲೆಕ್ಕ ನೋಡಿ. ಮೊದಲ ಭಾಗ 134 ನಿಮಿಷ. ಎರಡನೇ ಭಾಗ 161 ನಿಮಿಷ. ಹೆಚ್ಚಾದ ಈ 27 ನಿಮಿಷ ದುಃಖಕ್ಕೆ ಹೋಗಿದ್ದರೆ ನಾನು ತಕರಾರು ಮಾಡ್ತಿರಲಿಲ್ಲ. ಅಮೆರಿಕದಲ್ಲಿ ರಿರಿ ವಿಲಿಯಮ್ಸ್ ಅಂತ ಒಬ್ಬ ಕಾಲೇಜು ಹುಡುಗಿ ವೈಬ್ರೇನಿಯಂ ಪತ್ತೆ ಮಾಡುವ ಯಂತ್ರ ಕಂಡುಹಿಡಿದಿದ್ದಾಳೆ. ಅವಳನ್ನು ಒಪ್ಪಿಸಿ ಅಂತ ನೇಮೋರ್ ಬೆನ್ನು ಬೀಳ್ತಾನೆ. ಇಲ್ಲಿವರೆಗೆ ಕಥೆಗೆ ಬೇಕು. ಆಮೇಲೆ ಆ ಹುಡುಗಿಯ ಕಾರ್ ಚೇಸ್, ಗ್ಯಾರೇಜು, ಅವಳಿಗೊಂದು ಹಾರುವ ಕವಚ, ವಕಾಂಡಾದಲ್ಲಿ ಇನ್ನೂ ಚಂದದ ಇನ್ನೊಂದು ಕವಚ. ಯಾಕೆ? ಅವಳ ಹೆಸರಿನಲ್ಲಿ 'ಐರನ್‌ಹಾರ್ಟ್' ಅನ್ನೋ ಸರಣಿ ಬರಲಿದೆ. ಅದರ ಮುಂಗಡ ಬುಕಿಂಗ್ ಇದು. ಹುಡುಗಿ ಚೆನ್ನಾಗಿಯೇ ನಟಿಸಿದ್ದಾಳೆ, ತಪ್ಪು ಅವಳದ್ದಲ್ಲ. ಇನ್ನೊಂದು ಕಡೆ ಅಮೆರಿಕದ ಗುಪ್ತಚರ ಸಂಸ್ಥೆಯ ಇಬ್ಬರು ಅಧಿಕಾರಿಗಳು. ಮಾಜಿ ಗಂಡ-ಹೆಂಡತಿ. ಅವರ ಜಗಳ, ಅವರ ಚಟಾಕಿ. ಅವರನ್ನು ಪೂರ್ತಿ ಕತ್ತರಿಸಿ ತೆಗೆದರೂ ವಕಾಂಡಾ ಕಥೆಗೆ ಹೆಚ್ಚು ನಷ್ಟವಿಲ್ಲ. ಅವರೂ ಮುಂದಿನ ಸಿನಿಮಾಗಳ ಸರಕು.

ಇದೇ ಆಗಿದ್ದು. ಸಾವಿನ ಮನೆಗೆ ಬಂದವರ ಮುಂದೆ ಮೂಲೆಯಲ್ಲಿ ಒಂದು ಅಂಗಡಿ ತೆರೆದರು. ಶೂರಿಯ ಸಂಕಟದ ಜೊತೆ ನಾವು ಕೂತಿದ್ದಾಗಲೇ, ಒಂದು ಸಣ್ಣ ವಿರಾಮ!

ಎರಡನೇ ಕೊರತೆ ಇನ್ನೂ ಆಳದ್ದು. ಸಿನಿಮಾ ಶುರುವಿನಲ್ಲೇ ಮಾಲಿಯಲ್ಲಿರುವ ವಕಾಂಡಾ ಕೇಂದ್ರದ ಮೇಲೆ ದಾಳಿಯಾಗುತ್ತೆ, ವೈಬ್ರೇನಿಯಂ ಕದಿಯೋಕೆ. ಸೆರೆ ಸಿಕ್ಕ ಫ್ರೆಂಚ್ ಸೈನಿಕರನ್ನು ರಮೋಂಡಾ ವಿಶ್ವಸಂಸ್ಥೆಯ ಸಭೆಗೇ ಎಳೆಸಿ ತಂದು ಮಂಡಿ ಊರಿಸ್ತಾಳೆ. ಈ ದೃಶ್ಯಕ್ಕೆ ಕಳೆದ ತಿಂಗಳು ಫ್ರಾನ್ಸ್‌ನ ರಕ್ಷಣಾ ಸಚಿವರೇ ಆಕ್ಷೇಪ ಎತ್ತಿದರು. ಅಂದ್ರೆ ಬಾಣ ಸರಿಯಾದ ಜಾಗಕ್ಕೇ ತಾಗಿದೆ. ಹಾಗಾದರೆ ಮುಂದೆ ಏನಾಗಬೇಕಿತ್ತು? ಲೂಟಿ ಮಾಡೋಕೆ ಬಂದವರನ್ನು ವಕಾಂಡಾ ಮತ್ತು ಟಾಲೋಕಾನ್ ಸೇರಿ ಕೇಳಬೇಕಿತ್ತು, ಅಲ್ವಾ? ಆದರೆ ಆ ಎರಡೂ ರಾಜ್ಯಗಳೇ ಪರಸ್ಪರ ಹೊಡೆದಾಡಿ ಸಾಯ್ತವೆ. ಒಂದು ಪಾಶ್ಚಾತ್ಯರ ಕೈಗೆ ಸಿಗದೆ ಉಳಿದ ಆಫ್ರಿಕಾ, ಇನ್ನೊಂದು ಪಾಶ್ಚಾತ್ಯರಿಂದ ತಪ್ಪಿಸಿಕೊಂಡು ನೀರಿಗಿಳಿದ ಅಮೆರಿಕದ ಮೂಲನಿವಾಸಿಗಳು. ಇಬ್ಬರ ಜಗಳ ಶುರುವಾಗಲು ಕಾರಣರಾದವರು ಆರಾಮಾಗಿ ದಡದಲ್ಲಿದ್ದಾರೆ. ಇದು ಇತಿಹಾಸದ ಸತ್ಯವೂ ಹೌದು, ನೊಂದವರನ್ನು ನೊಂದವರ ಮೇಲೆ ಎತ್ತಿಕಟ್ಟೋದು ಹಳೇ ಆಟ. ಆದರೆ ಸಿನಿಮಾ ಅದನ್ನು ಆಟ ಅಂತ ಹೆಸರಿಟ್ಟು ಕರೆಯೋ ಧೈರ್ಯ ಮಾಡಲ್ಲ. ಪ್ರಶ್ನೆ ಎತ್ತಿ, ಮುಂದಿನ ಭಾಗಕ್ಕೆ ಸಾಲ ಇಡುತ್ತೆ.

ಕ್ಲೈಮ್ಯಾಕ್ಸ್ ಅಂತೂ ಕೇಳಬೇಡಿ. ನೀರಿನಲ್ಲೇ ಹುಟ್ಟಿ ಬೆಳೆದವರ ಜೊತೆ ನಡು ಸಮುದ್ರದಲ್ಲಿ ಹಡಗು ನಿಲ್ಲಿಸಿಕೊಂಡು ಯುದ್ಧ! ಮೊಸಳೆ ಜೊತೆ ಕೆರೆಯಲ್ಲಿ ಕುಸ್ತಿಗೆ ಇಳಿದ ಹಾಗೆ. ನೇಮೋರ್‌ನನ್ನು ಹೊರಗೆಳೆದು, ನೀರಿಲ್ಲದೆ ಒಣಗಿಸಿ ಸೋಲಿಸೋದು ಯೋಜನೆ ಅಂತ ಕಾರಣ ಕೊಟ್ಟಿದ್ದಾರೆ. ಅದಕ್ಕಾಗಿ ಸೈನ್ಯವನ್ನೇ ಬಲಿಗೆ ನಿಲ್ಲಿಸಬೇಕಿತ್ತಾ?

ಮೂರನೆಯದು ಶೂರಿಯ ವಿಷಯ. ಇಡೀ ಸಿನಿಮಾ ಅವಳ ಹೆಗಲ ಮೇಲಿದೆ. ನಟಿ ಲೆಟಿಷಿಯಾ ರೈಟ್ ಶೂಟಿಂಗ್‌ನಲ್ಲಿ ಪೆಟ್ಟು ಮಾಡಿಕೊಂಡು ಚಿತ್ರೀಕರಣವೇ ಕೆಲ ಕಾಲ ನಿಂತಿತ್ತು. ಅಷ್ಟು ಕಷ್ಟಪಟ್ಟ ಹುಡುಗಿಗೆ ಚಿತ್ರಕಥೆ ಕೊಟ್ಟ ಜಾಗ ಸಣ್ಣದು. ನೇಮೋರ್ ದಾಳಿಯಲ್ಲಿ ತಾಯಿಯೂ ಸಾಯ್ತಾಳೆ. ಶೂರಿ ಮೂಲಿಕೆಯ ರಸ ಕುಡೀತಾಳೆ. ಪೂರ್ವಜರ ಲೋಕದಲ್ಲಿ ಅಣ್ಣ ಸಿಗ್ತಾನೆ, ಅಮ್ಮ ಸಿಗ್ತಾಳೆ ಅಂತ ಕಾದವಳಿಗೆ ಸಿಕ್ಕವನು ಯಾರು? ಮೊದಲ ಭಾಗದ ಖಳ ಕಿಲ್‌ಮಾಂಗರ್! ನಿನ್ನೊಳಗಿರೋದು ಅಣ್ಣನ ದೊಡ್ಡತನವೋ, ನನ್ನ ಸೇಡೋ ಅಂತ ಕೇಳ್ತಾನೆ. ಇಡೀ ಸಿನಿಮಾದ ಅತ್ಯಂತ ಚುರುಕಾದ ಪ್ರಶ್ನೆ ಇದು. ಇದರ ಸುತ್ತಲೇ ಒಂದು ಗಂಟೆ ಕಟ್ಟಬಹುದಿತ್ತು. ಕೆಲವೇ ನಿಮಿಷದಲ್ಲಿ ಮುಗಿಸಿ, ಹೊಸ ಬಟ್ಟೆ ತೊಡಿಸಿ ಯುದ್ಧಕ್ಕೆ ಕಳಿಸಿಬಿಟ್ಟರು. ಕೊನೆಗೆ ಕೈಗೆ ಸಿಕ್ಕ ನೇಮೋರ್‌ನನ್ನು ಅವಳು ಕೊಲ್ಲದೆ ಬಿಡ್ತಾಳೆ. ಒಳ್ಳೆಯ ಮುಕ್ತಾಯವೇ. ಆದರೆ ಆ ಕ್ಷಮೆಗೆ ಬೇಕಾದ ಸಮಯವನ್ನು ಹಾರುವ ಕವಚಗಳು ತಿಂದು ಹಾಕಿದ್ದವು.

ಕಡೆಯ ದೃಶ್ಯಕ್ಕೆ ಬರ್ತೀನಿ. ಹೈಟಿಯ ಸಮುದ್ರ ತೀರ. ಶೂರಿ ಒಬ್ಬಳೇ ಕೂತು, ಅಣ್ಣನ ಅಂತ್ಯಕ್ರಿಯೆಯಲ್ಲಿ ಉಟ್ಟಿದ್ದ ಬಟ್ಟೆಗೆ ಬೆಂಕಿ ಇಡ್ತಾಳೆ. ಸೂತಕ ಕಳೆಯೋದು ಅಂದ್ರೆ ಅದೇ ತಾನೆ? ಅಣ್ಣನ ನೆನಪುಗಳು ಬರ್ತವೆ, ಬೋಸ್ಮನ್ ಮುಖ ಬರುತ್ತೆ, ಅವಳು ಅಳ್ತಾಳೆ. ಸಂಭಾಷಣೆ ಇಲ್ಲ. ಹಿಂದೆ ಆ ಸೋತ ಹಾಡು, 'ಲಿಫ್ಟ್ ಮಿ ಅಪ್'. ಆಮೇಲೆ ಟಿಚಲ್ಲಾಗೆ ಒಬ್ಬ ಮಗ ಇದ್ದಾನೆ ಅಂತ ಗೊತ್ತಾಗುತ್ತೆ. ಅಪ್ಪನ ಹೆಸರನ್ನೇ ಇಟ್ಟುಕೊಂಡ ಪುಟ್ಟ ಹುಡುಗ. ಅಪ್ಪ-ಮಗನ ಆ ತೆರೆಗೆ ಬಾರದ ಕಥೆಯಿಂದ ಉಳಿದು ಬಂದವನು. ಇದು ಸಮಾಧಾನವಾ, ಮುಂದಿನ ಸಿನಿಮಾಕ್ಕೆ ಬಿತ್ತಿದ ಬೀಜವಾ? ಎರಡೂ ಹೌದು. ಅಂಗಡಿಯವನೂ ಅಳ್ತಾನೆ, ಸ್ವಾಮಿ. ಅಳುವವನೂ ನಾಳೆ ಅಂಗಡಿ ತೆರೀಬೇಕು. ಅದನ್ನು ನಾನು ಬಲ್ಲೆ.

85 ಕೋಟಿ ಡಾಲರ್‌ಗೂ ಹೆಚ್ಚು ದುಡಿದ ಸಿನಿಮಾವನ್ನು ಸೋತಿತು ಅನ್ನೋಕಾಗಲ್ಲ. ನನ್ನ ತೀರ್ಮಾನ ಇಷ್ಟೇ. ಇದು ಅಳುವಾಗ ದೊಡ್ಡ ಸಿನಿಮಾ, ಮಾರುವಾಗ ಮಾಮೂಲಿ ಸಿನಿಮಾ.

ನಮ್ಮಲ್ಲೂ ಇದೇ ಪ್ರಶ್ನೆ ಬಂದಿತ್ತು. ಅಪ್ಪು ಡಬ್ಬಿಂಗ್ ಮುಗಿಸದೇ ಹೋದ 'ಜೇಮ್ಸ್' ಕಳೆದ ವರ್ಷ ಇದೇ ದಿನ ಬಿಡುಗಡೆಯಾಯಿತು. ಧ್ವನಿ ಕೊಟ್ಟವರು ಶಿವಣ್ಣ. ತಮ್ಮನ ತುಟಿಗೆ ಅಣ್ಣನ ಮಾತು. ಆಮೇಲೆ ತಂತ್ರಜ್ಞಾನದಿಂದ ಅಪ್ಪು ಅವರದೇ ಧ್ವನಿ ಕೂಡಿಸಿ ಮತ್ತೆ ತಂದರು. ಯಾವುದು ಸರಿ ಅಂತ ಅಂದು ನಮ್ಮ ಕಚೇರಿಯಲ್ಲಿ ಜಗಳವೇ ಆಯಿತು. ನನಗೆ ಕೇಳಿದರೆ, ಮೊದಲನೆಯದು. ಧ್ವನಿ ಹೊಂದಲಿಲ್ಲ, ನಿಜ. ಆದರೆ ಹೊಂದದೇ ಇದ್ದ ಕಡೆಯೇ ಅಪ್ಪು ಇಲ್ಲ ಅನ್ನೋ ಸತ್ಯ ಇತ್ತು. ವಕಾಂಡಾದ ಸದ್ದಿಲ್ಲದ ಆ ಲಾಂಛನದಲ್ಲಿ ಇದ್ದದ್ದೂ ಅದೇ ಸತ್ಯ. ಇಲ್ಲದವರನ್ನು ಇದ್ದಾರೆ ಅಂತ ತೋರಿಸಲಿಲ್ಲ.

ಇವತ್ತು ರಾತ್ರಿ ಅಪ್ಪು ಬಗ್ಗೆ ನಮ್ಮಲ್ಲಿ ಒಂದು ಗಂಟೆಯ ಕಾರ್ಯಕ್ರಮ ಇದೆ. ಜಾಹೀರಾತು ಇರುತ್ತೆ, ಇಲ್ಲದೆ ವಾಹಿನಿ ನಡೆಯಲ್ಲ. ಆದರೆ ಕಂಠೀರವ ಸ್ಟುಡಿಯೋದ ಸಮಾಧಿ ಮುಂದೆ ಜನ ಕೈಮುಗಿದು ನಿಲ್ಲುವ ಹತ್ತು ನಿಮಿಷದ ನಡುವೆ ಬ್ರೇಕ್ ಬೇಡ ಅಂತ ಕೇಳಿಕೊಂಡಿದ್ದೀನಿ. ಒಪ್ಪಿದ್ದಾರೆ. ಅಮ್ಮ ನೋಡ್ತಾ ಇರ್ತಾರೆ.